ಉರ್ಜೇದು ಭಟ್ಟಿಯ ಅಧಿಕೃತ ಬಿರುಕು

ಉರ್ಜೇದು ಗ್ರಾಮದ ಬ್ರೆಡ್ ಭಟ್ಟಿಯ ಗುಮ್ಮಟದಲ್ಲಿ ಎರಡು ಬೆರಳಗಲದ ಬಿರುಕು ಇದೆ ಎಂಬ ಸಂಗತಿಯನ್ನು ಯುರೋಪಿನ ಮೂರು ದೇಶಗಳು ಲಿಖಿತವಾಗಿ ಒಪ್ಪಿಕೊಂಡಿವೆ. ಅದಕ್ಕೆ ಮೊದಲು ಅದನ್ನು ಒಪ್ಪಿಕೊಂಡಿದ್ದವಳು ಝುಲ್ಮಿರಾ ಒಬ್ಬಳೇ.

ಭಟ್ಟಿ ಅವಳದೇ. ಪೋರ್ಚುಗಲ್ಲಿನ ಈಶಾನ್ಯ ಮೂಲೆಯಲ್ಲಿ, ಸ್ಪೇನಿನ ಕೋಳಿ ಕೂಗಿದರೆ ಕೇಳಿಸುವಷ್ಟು ಗಡಿಗೆ ಹತ್ತಿರವಿರುವ ಆ ಬೆಟ್ಟದೂರಿಗೆ ರೈ ಧಾನ್ಯದ ಹಿಟ್ಟಿನ ಕಪ್ಪು ಬ್ರೆಡ್ ಸುಟ್ಟುಕೊಡುವುದು ಅವಳ ಕಸುಬು. ವಾರಕ್ಕೆರಡು ಸಲ ಊರಿನವರು ಮಲಗುವ ಮುಂಚೆ ಬಾಗಿಲ ಹಿಡಿಕೆಗೊಂದು ಬಟ್ಟೆಚೀಲ ನೇತುಹಾಕುತ್ತಾರೆ. ಬೆಳಗ್ಗೆ ಅವಳು ಬ್ರೆಡ್ಡನ್ನು ಅದರೊಳಗೆ ಇಳಿಸಿ ಹೋಗುತ್ತಾಳೆ. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರು ಯಾರ ಜೊತೆ ಮುನಿಸಿಕೊಂಡು ಊಟ ಬಿಟ್ಟಿದ್ದಾರೆ ಅನ್ನುವುದು ಪಾದ್ರಿಗಿಂತ ಮೊದಲು ಅವಳಿಗೆ ತಿಳಿಯುವುದು ಹೀಗೆ.

ಬಿರುಕು ಬಿಟ್ಟ ಮೇಲೆ ಶಾಖ ಸೋರಿಹೋಗಿ ಬ್ರೆಡ್ಡಿನ ಹೊಟ್ಟೆ ಹಸಿಹಸಿಯಾಗಿ ಉಳಿಯತೊಡಗಿತು. ಪಕ್ಕದ ಮನೆಯ ಹಲ್ಲಿಲ್ಲದ ಎತೆಲ್ವಿನಾ, ಇದು ತನಗೆ ಅನುಕೂಲವೇ ಎಂದಳು. ಹಲ್ಲಿದ್ದವರು ಮಾತ್ರ ಬ್ರಗಾನ್ಸಾ ಪೇಟೆಯಿಂದ ಹಾರನ್ ಹೊಡೆಯುತ್ತಾ ಬರುವ ವ್ಯಾನಿನ ಕಡೆ, ಅದರೊಳಗಿನ ಪ್ಲಾಸ್ಟಿಕ್ ಹೊದ್ದ ಬಿಳಿ ಬ್ರೆಡ್ಡಿನ ಕಡೆ ತಿರುಗಿದರು. ಹಿಡಿಕೆಯ ಮೇಲಿನ ಚೀಲಗಳು ಒಂದೊಂದಾಗಿ ಮಾಯವಾದವು. ಚಳಿಗಾಲದೊಳಗೆ ಭಟ್ಟಿ ಸರಿಹೋಗದಿದ್ದರೆ ಅಂಗಡಿ ಮುಚ್ಚಬೇಕಾದೀತು ಎಂದು ಝುಲ್ಮಿರಾಗೆ ಅರ್ಥವಾಯಿತು. ನಾಲಿಗೆ ಒಮ್ಮೆ ವ್ಯಾನು ಹತ್ತಿ ಹೊರಟರೆ ಅದನ್ನು ಇಳಿಸಿಕೊಳ್ಳುವುದು ಸುಲಭವಲ್ಲ.

ಗಾರೆ ಕೆಲಸದ ಅದೆರಿತು ಬಂದು ಭಟ್ಟಿಯೊಳಗೆ ತಲೆ ಹಾಕಿ, ತನಗೆ ಇದು ಎರಡು ದಿನದ ಕೆಲಸ, ಮಾತಾಡುತ್ತಾ ಮಾಡಿದರೆ ನಾಲ್ಕು ದಿನ ಎಂದ. ಬೆಂಕಿ ತಡೆಯುವ ಇಟ್ಟಿಗೆ ಮಾತ್ರ ಬೇಕು. ಅಂಥ ಇಟ್ಟಿಗೆಯ ಒಂದು ರಾಶಿ ಪಂಚಾಯಿತಿ ಕಚೇರಿಯ ಹಿತ್ತಲಲ್ಲಿ, ಯಾವುದೋ ಹಳೆಯ ಕೆಲಸದಲ್ಲಿ ಉಳಿದದ್ದು, ಪಾಚಿ ಹಿಡಿದು ಬಿದ್ದಿತ್ತು. ಝುಲ್ಮಿರಾ ಕೈ ಒರೆಸಿಕೊಂಡು ಅಧ್ಯಕ್ಷ ಹೆರ್ಕುಲಾನೊ ಅವರ ಬಳಿಗೆ ಹೋದಳು.

ಅಧ್ಯಕ್ಷರು ಒಳ್ಳೆಯವರು. ಇಟ್ಟಿಗೆ ಕೊಡಲು ತಮ್ಮದೇನೂ ಅಡ್ಡಿಯಿಲ್ಲ, ಆದರೆ ಇಟ್ಟಿಗೆ ಕೊಡುವುದಕ್ಕೆ ಯಾವ ಯೋಜನೆಯೂ ಇಲ್ಲ, ಅಂತರರಾಷ್ಟ್ರೀಯ ಸಹಕಾರಕ್ಕಾದರೆ ಇದೆ ಎಂದರು.

"ನಂಗೆ ಸಹಕಾರ ಬೇಡ ಅಧ್ಯಕ್ಷರೇ, ಇಟ್ಟಿಗೆ ಸಾಕು."

"ಅದೇ ನೋಡು ತೊಂದರೆ. ನೀನು ಕೇಳ್ತಿರೋದು ತೀರಾ ಕಡಿಮೆ. ಇಷ್ಟು ಸಣ್ಣದನ್ನ ಮಂಜೂರು ಮಾಡೋ ಅಧಿಕಾರ ಯಾರಿಗೂ ಇಲ್ಲ ಝುಲ್ಮಿರಾ."

ಹೀಗೆ ಡಾಕ್ಟರ್ ಗ್ರಸಿಂದಾ ಊರಿಗೆ ಬಂದರು. ಜಿಲ್ಲಾ ಅಭಿವೃದ್ಧಿ ಸಂಘದವರು. ಅವರು ಯಾವ ರೋಗಿಯ ನಾಡಿಯನ್ನೂ ಹಿಡಿದವರಲ್ಲ, ಆದರೆ ಆ ದೇಶದಲ್ಲಿ ಪದವಿ ಪಡೆದವರೆಲ್ಲ ಡಾಕ್ಟರೇ, ಹಾಗೆ ಕರೆಯದಿದ್ದರೆ ಕಡತಕ್ಕೆ ಜ್ವರ ಬರುತ್ತದೆ. ಡಾಕ್ಟರಮ್ಮ ಭಟ್ಟಿಯೊಳಗೆ ಬಹಳ ಹೊತ್ತು ತಲೆ ಹಾಕಿದ್ದು, ಹಣೆಗೆ ಮಸಿ, ಮುಖಕ್ಕೆ ಸಂತೋಷ ಮೆತ್ತಿಕೊಂಡು ಹೊರಬಂದರು. ಈ ಬಿರುಕು ನಿಮ್ಮೊಬ್ಬರದಲ್ಲ, ಯುರೋಪಿನದು ಎಂದು ಝುಲ್ಮಿರಾಗೆ ತಿಳಿಸಿದರು. ಹಾಗಾದರೆ ಯುರೋಪೇ ಬಂದು ಮುಚ್ಚಲಿ ಎಂದು ಝುಲ್ಮಿರಾ ಅಂದದ್ದನ್ನು ಅವರು 'ಫಲಾನುಭವಿಯ ಆಶಯ' ಎಂಬ ಶೀರ್ಷಿಕೆಯಡಿ ಬರೆದುಕೊಂಡರು.

ನಿಯಮದ ಪ್ರಕಾರ ಸಹಕಾರಕ್ಕೆ ಮೂರು ದೇಶಗಳು ಬೇಕು, ಮೂರಕ್ಕೂ ಒಂದೇ ಸಂಕಟವಿರಬೇಕು. ಸ್ಲೊವೇನಿಯಾದ ಒಂದು ಹಳ್ಳಿ ತಮ್ಮಲ್ಲಿ ಭಟ್ಟಿಯೇ ಇಲ್ಲವೆಂದೂ, ಒಡೆದ ಸುಣ್ಣದ ಗೂಡು ನಡೆಯುವುದಾದರೆ ಸಿದ್ಧವೆಂದೂ ಬರೆಯಿತು. ನಡೆಯಿತು. ಫಿನ್‌ಲೆಂಡಿನ ಹಳ್ಳಿಯ ಭಟ್ಟಿ ದುರದೃಷ್ಟವಶಾತ್ ಸುಸ್ಥಿತಿಯಲ್ಲಿತ್ತು. ಅಲ್ಲಿನವರು ಶಿಸ್ತಿನ ಜನ, ಸಭೆ ಸೇರಿ ಬಹುಮತದಿಂದ ನಿರ್ಣಯ ಮಾಡಿ, ಸುತ್ತಿಗೆಯಿಂದ ನಿಗದಿತ ಅಳತೆಯ ಬಿರುಕು ಮಾಡಿ ಫೋಟೋ ಕಳಿಸಿದರು. ಯೋಜನೆ ಮಂಜೂರಾಯಿತು. ಸುಸ್ಥಿರ ಗ್ರಾಮೀಣಾಭಿವೃದ್ಧಿ ಹಾಗೂ ಸಣ್ಣ ಉದ್ದಿಮೆಗಳ ಪುನಶ್ಚೇತನ ಎಂದು ಅದರ ಹೆಸರು. ಭಟ್ಟಿಯ ಗೋಡೆಗೆ ಒಂದು ಪ್ರಕಟಣೆ ಅಂಟಿತು:

"ಸಾರ್ವಜನಿಕರ ಗಮನಕ್ಕೆ. ಈ ಬಿರುಕು ಅಂತರರಾಷ್ಟ್ರೀಯ ಸಹಕಾರದ ವಿಷಯವಾಗಿರುವುದರಿಂದ ಇದನ್ನು ಯಾರೂ ಮುಚ್ಚತಕ್ಕದ್ದಲ್ಲ, ಹಿಗ್ಗಿಸತಕ್ಕದ್ದೂ ಅಲ್ಲ. ಬಿರುಕು ತಾನಾಗಿಯೇ ಹಿಗ್ಗಿದಲ್ಲಿ ಕೂಡಲೇ ಲಿಖಿತವಾಗಿ ತಿಳಿಸತಕ್ಕದ್ದು. ತಾನಾಗಿಯೇ ಕುಗ್ಗಿದಲ್ಲಿ ಕಾರಣ ಕೊಡತಕ್ಕದ್ದು."

ಮೂಲಸ್ಥಿತಿಯನ್ನು ಕಾಪಾಡದಿದ್ದರೆ ಸುಧಾರಣೆಯನ್ನು ಅಳೆಯುವುದು ಹೇಗೆ ಎಂದು ಡಾಕ್ಟರಮ್ಮ ವಿವರಿಸಿದರು. ಸುಧಾರಣೆ ಮಾಡಿಬಿಟ್ಟರೆ ಅಳೆಯೋದು ಸುಲಭ ಅಲ್ಲವೇ ಎಂದು ಝುಲ್ಮಿರಾ ಕೇಳಿದಳು. ಡಾಕ್ಟರಮ್ಮ ಅವಳ ಭುಜ ತಟ್ಟಿ, 'ಭಯವಿಲ್ಲದೆ ಸಣ್ಣ ವ್ಯಾಪಾರ' ಎಂಬ ತರಬೇತಿಗೆ ಅವಳ ಹೆಸರು ಬರೆಸಿದರು. ತರಬೇತಿ ಪೇಟೆಯಲ್ಲಿ, ಮಂಗಳವಾರ ಮತ್ತು ಶುಕ್ರವಾರ. ಅವಳು ಬ್ರೆಡ್ ಸುಡುತ್ತಿದ್ದದ್ದೂ ಮಂಗಳವಾರ ಮತ್ತು ಶುಕ್ರವಾರ. ಗಿರಾಕಿಗಳನ್ನು ಉಳಿಸಿಕೊಳ್ಳುವ ಬಗೆಯನ್ನು ಅವಳು ಅಲ್ಲಿ ಕಲಿಯುತ್ತಿದ್ದಾಗ ಗಿರಾಕಿಗಳು ಇಲ್ಲಿ ವ್ಯಾನಿನ ಮುಂದೆ ಸಾಲುಗಟ್ಟಿರುತ್ತಿದ್ದರು. ತರಬೇತಿಯ ಟೀ ವಿರಾಮದಲ್ಲಿ ಅವಳಿಗೆ ಕೊಟ್ಟದ್ದೂ ಅದೇ ಬಿಳಿ ಬ್ರೆಡ್ಡು.

ಅಕ್ಟೋಬರಿನಲ್ಲಿ ಫಿನ್‌ಲೆಂಡಿನಿಂದ ತೈಸ್ತೊ ಎಂಬ ಉದ್ದನೆಯ, ಮಾತು ಕಡಿಮೆಯ ಮನುಷ್ಯ ಅಧ್ಯಯನ ಪ್ರವಾಸಕ್ಕೆ ಬಂದ. ಅಲ್ಲಿ ಸುತ್ತಿಗೆಯಿಂದ ಒಡೆದ ಭಟ್ಟಿಯ ಯಜಮಾನ ಅವನೇ. ಇಬ್ಬರು ಯಜಮಾನರನ್ನೂ ಬಿರುಕಿನ ಎದುರು ನಿಲ್ಲಿಸಿ ಫೋಟೋ ತೆಗೆದರು. ದುಭಾಷಿ ಹುಡುಗಿಯ ಮೂಲಕ ಝುಲ್ಮಿರಾ ಅವನನ್ನು ಕೇಳಿದಳು:

"ನಿಮ್ದು ಯಾವಾಗ ಸರಿ ಮಾಡಿಸ್ತೀರಿ?"

"ನಿಮ್ದು ಸರಿಯಾದ ಮೇಲೆ. ಒಪ್ಪಂದದಲ್ಲಿ ಹಾಗಿದೆ."

"ನಮ್ಮ ಕಾಗದದಲ್ಲಿ ನಿಮ್ದು ಸರಿಯಾದ ಮೇಲೆ ಅಂತಿದೆ."

ದುಭಾಷಿ ಇದನ್ನು ಎರಡು ಸಲ ಅನುವಾದಿಸಿದಳು, ತನ್ನದೇ ತಪ್ಪಿರಬೇಕು ಎಂದುಕೊಂಡು. ಆಮೇಲೆ ಸುಟ್ಟ ಚೆಸ್ಟ್‌ನಟ್ ಬೀಜಗಳ ವಾಸನೆ ಬಂದು, ಅಧ್ಯಕ್ಷರು, ಡಾಕ್ಟರಮ್ಮ, ದುಭಾಷಿ ಎಲ್ಲರೂ ಚರ್ಚಿನ ಮುಂದಿನ ಬೆಂಕಿಯ ಕಡೆ ಹೋದರು.

ತೈಸ್ತೊ ಹೋಗಲಿಲ್ಲ. ಭಟ್ಟಿಯ ಬಾಯಿಂದ ಒಂದು ಇದ್ದಿಲ ಚೂರು ಆರಿಸಿಕೊಂಡ. ಬಿರುಕನ್ನು ತೋರಿಸಿದ, ತೋರುಬೆರಳಿಂದ ತನ್ನ ದೇಶ ಇರುವ ಉತ್ತರ ದಿಕ್ಕನ್ನು ತೋರಿಸಿದ, ಎರಡು ಅಂಗೈಯಲ್ಲಿ ಗಾರೆ ಮೆತ್ತಿ ನಯ ಮಾಡುವ ಹಾಗೆ ಮಾಡಿದ. ಆಮೇಲೆ ಬಿರುಕಿಲ್ಲದ ಗೋಡೆಯ ಮೇಲೆ ಇದ್ದಿಲಿನಿಂದ ವಕ್ರವಾದ ಒಂದು ಗೆರೆ ಎಳೆದು, ನಾಲ್ಕು ಹೆಜ್ಜೆ ಹಿಂದೆ ಸರಿದು, ಕ್ಯಾಮೆರಾ ಕ್ಲಿಕ್ಕಿಸಿದಂತೆ ಒಂದು ಕಣ್ಣು ಮುಚ್ಚಿದ. ಯೋಜನೆಯ ಅವಧಿಯಲ್ಲಿ ದೇಶದಿಂದ ದೇಶಕ್ಕೆ ಜ್ಞಾನ ವರ್ಗಾವಣೆಯಾದದ್ದು ಇದೊಂದೇ ಸಲ. ಇದಕ್ಕೆ ಒಂದು ಕಾಗದವೂ ಖರ್ಚಾಗಲಿಲ್ಲ.

ಮುಂದಿನ ಭಾನುವಾರ ಪ್ರಾರ್ಥನೆ ಮುಗಿಸಿ ಬರುವವರೆಲ್ಲ ಕೈಯಲ್ಲಿ ತಮ್ಮ ಹಳೆಯ ಬ್ರೆಡ್ ಚೀಲ ಹಿಡಿದಿದ್ದರು. ಪಂಚಾಯಿತಿ ಹಿತ್ತಲನ್ನು ಬಳಸಿ ಮನೆಗೆ ಹೋಗುವುದು ಅಂದು ಎಲ್ಲರಿಗೂ ಹತ್ತಿರದ ದಾರಿಯೆನಿಸಿತು. ಎತೆಲ್ವಿನಾ ಒಂದು ಇಟ್ಟಿಗೆ ಹೊತ್ತಳು. ಅಧ್ಯಕ್ಷರ ಹೆಂಡತಿ ಎರಡು ಹೊತ್ತಳು. ಅಧ್ಯಕ್ಷರು ಕಿಟಕಿಯಲ್ಲಿ ನಿಂತು ಬಹಳ ಆಸಕ್ತಿಯಿಂದ ಆಕಾಶ ನೋಡುತ್ತಿದ್ದರು. ಮೊದಲಿಂದಲೂ ಯಾವ ಲೆಕ್ಕದಲ್ಲೂ ಇಲ್ಲದ ಇಟ್ಟಿಗೆಗಳಾದ್ದರಿಂದ ಅವು ಕಡಿಮೆಯಾದದ್ದು ಯಾರಿಗೂ ಕಾಣಲಿಲ್ಲ. ಅದೆರಿತು ಮಾತಾಡುತ್ತಲೇ ಕೆಲಸ ಮುಗಿಸಿ, ನಯವಾದ ಗುಮ್ಮಟದ ಮೇಲೆ ಇದ್ದಿಲ ಬಿರುಕನ್ನು ತಾನೇ ಎಳೆದ. ನಿಜವಾದ ಬಿರುಕಿಗಿಂತ ಇದು ಲಕ್ಷಣವಾಗಿದೆ ಎಂದು ಅವನ ಅಭಿಪ್ರಾಯವಾಗಿತ್ತು. ಮೊದಲ ಮಂಗಳವಾರವೇ ಝುಲ್ಮಿರಾ ತರಬೇತಿಗೆ ಹೊಟ್ಟೆನೋವೆಂದು ಹೇಳಿಕಳಿಸಿ ಬ್ರೆಡ್ ಸುಟ್ಟಳು. ಮರುವಾರ ವ್ಯಾನು ಬಹಳ ಹೊತ್ತು ಹಾರನ್ ಹೊಡೆದು, ಸುಮ್ಮನೆ ಹೋಯಿತು.

ದುರಸ್ತಿಯನ್ನು ಮರೆಮಾಚಬಹುದು, ಬ್ರೆಡ್ಡಿನ ವಾಸನೆಯನ್ನು ಆಗುವುದಿಲ್ಲ. ಅಂತಿಮ ವರದಿಗೆಂದು ಬಂದ ಡಾಕ್ಟರಮ್ಮ ಊರಬಾಗಿಲಲ್ಲೇ ಕಾರಿನ ಗಾಜು ಇಳಿಸಿದರು. ನೇರ ಭಟ್ಟಿಗೆ ಬಂದು ಬಿರುಕಿನ ಮೇಲೆ ಬೆರಳಿಟ್ಟರು. ಬೆರಳು ಕಪ್ಪಾಯಿತು, ಬಿರುಕು ಅಷ್ಟಗಲ ಇಲ್ಲವಾಯಿತು.

ಝುಲ್ಮಿರಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇಟ್ಟಿಗೆ ವಾಪಸು ಕೇಳಿದರೆ ಭಟ್ಟಿ ಕಿತ್ತುಕೊಡಬೇಕು, ಚೀಲಗಳು ಮತ್ತೆ ಹಿಡಿಕೆಯಿಂದ ಇಳಿಯುತ್ತವೆ. ಬೇರೇನೂ ತೋಚದೆ ಬಿಸಿ ಬ್ರೆಡ್ಡು ಮುರಿದು, ಆಲಿವ್ ಎಣ್ಣೆ ಸುರಿದು, ಹೊಗೆಯಲ್ಲಿಟ್ಟ ಸಾಸೇಜಿನ ತುಂಡು ಇಟ್ಟು ಅವರ ಕೈಗೆ ಕೊಟ್ಟಳು. ಡಾಕ್ಟರಮ್ಮ ನಿಂತೇ ತಿಂದರು. ಇನ್ನೊಂದು ತುಂಡು ತಿಂದರು. ತಿನ್ನುತ್ತಾ ನಿಯಮಗಳನ್ನು ಯೋಚಿಸುತ್ತಿದ್ದದ್ದು ಅವರ ಹುಬ್ಬಿನಿಂದ ಗೊತ್ತಾಗುತ್ತಿತ್ತು.

"ಈ ಬಿರುಕು ಎಷ್ಟು ದಿನ ತಡೆಯುತ್ತೆ?"

"ಒಂದ್ಸಲ ಬ್ರೆಡ್ ಸುಟ್ಟರೆ ಅಳಿಸಿಹೋಗುತ್ತೆ ಡಾಕ್ಟರಮ್ಮ."

"ಹಾಗಂದ್ರೆ ಹೇಗೆ? ಯೋಜನೆ ಮುಗಿದ ಮೇಲೂ ಐದು ವರ್ಷ ಇರಲೇಬೇಕು. ಸುಸ್ಥಿರ ಅನ್ನೋದು ಅದಕ್ಕೇ. ನೋಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ."

ಅವರ ವರದಿಯಲ್ಲಿ ಒಂದೇ ಒಂದು ಕೊರತೆ ಉಳಿದಿತ್ತು. ಹೊಸದಾಗಿ ಹುಟ್ಟಿದ ಸಣ್ಣ ಉದ್ದಿಮೆ ಒಂದಾದರೂ ಇರಬೇಕಿತ್ತು, ಇರಲಿಲ್ಲ. ಅಂದು ಮಧ್ಯಾಹ್ನವೇ ಅದು ಹುಟ್ಟಿತು. 'ಅದೆರಿತು ಬಿರುಕು ನಿರ್ವಹಣಾ ಸೇವೆ' ಎಂದು ಅದರ ಹೆಸರು. ಬ್ರೆಡ್ ಸುಟ್ಟ ಮರುದಿನ ಗೆರೆ ಎಳೆಯುವುದು ಅದರ ವ್ಯವಹಾರ. ಒಡೆದ ಭಟ್ಟಿಯಲ್ಲಿ ಬ್ರೆಡ್ ಆಗಲು ಸಾಧ್ಯವಿಲ್ಲವಾದ್ದರಿಂದ, ಅಲ್ಲಿಂದ ಹೊರಬರುವ ದುಂಡನೆಯ ಕಪ್ಪು ವಸ್ತುವನ್ನು 'ಪರೀಕ್ಷಾ ಮಾದರಿ' ಎಂದು ಕರೆಯತಕ್ಕದ್ದೆಂದೂ ತೀರ್ಮಾನವಾಯಿತು. ಊರಿನವರಿಗೆ ಇದು ಒಂದೇ ವಾರದಲ್ಲಿ ರೂಢಿಯಾಯಿತು. ಝುಲ್ಮಿರಾ, ನಾಳೆ ನೆಂಟರಿದ್ದಾರೆ, ಎರಡು ಮಾದರಿ ಹಾಕು ಎಂದು ಎಲ್ಲರೂ ನಗದೆ ಹೇಳುತ್ತಾರೆ. ಪಾದ್ರಿ ಕೂಡ ಊಟಕ್ಕೆ ಮುಂಚೆ ಮಾದರಿಯನ್ನೇ ಹರಸುತ್ತಾರೆ.

ಅದೆರಿತುವಿನ ಉದ್ದಿಮೆ ಚೆನ್ನಾಗಿ ನಡೆಯಿತು. ಸ್ಲೊವೇನಿಯಾದವರು ತಮ್ಮ ಸುಣ್ಣದ ಗೂಡನ್ನೂ ಗುಟ್ಟಾಗಿ ಸರಿಮಾಡಿಕೊಂಡಿದ್ದರಿಂದ ಅವನು ಈಗ ಅಲ್ಲಿ ಇದ್ದಿಲ ಹಿಡಿಯುವ ತರಬೇತಿ ಕೊಡುತ್ತಿದ್ದಾನೆ.

ಅವನು ಊರಲ್ಲಿಲ್ಲದ ಹೊತ್ತಿಗೆ, ಫೆಬ್ರವರಿಯ ಗಾಳಿಗೆ ಅಂಗಡಿಯ ಮಾಡಿನ ಹಂಚುಗಳು ಒಡೆದು, ಹಿಟ್ಟು ನಾದುವ ಮರಿಗೆಗೇ ನೀರು ಸೋರತೊಡಗಿತು. ಚೀಲ ಹಿಡಿದು ಬಂದ ಎತೆಲ್ವಿನಾ ತಲೆಯೆತ್ತಿ ನೋಡಿ, ಪಂಚಾಯಿತಿ ಹಿಂದೆ ಹಂಚೂ ಬಿದ್ದಿವೆಯಲ್ಲೇ, ಅಧ್ಯಕ್ಷರಿಗೊಂದು ಮಾತು ಹೇಳಬಾರದೇ ಎಂದಳು.

ಝುಲ್ಮಿರಾ ಮರಿಗೆಯನ್ನು ಗೋಡೆಯ ಪಕ್ಕಕ್ಕೆ ದಬ್ಬಿ, ಸೋರುವ ಜಾಗಕ್ಕೆ ಒಂದು ಬಕೆಟ್ ಇಟ್ಟಳು.

"ಸುಮ್ನಿರಕ್ಕ. ಕೇಳಿಸಿಕೊಂಡ್ರೆ ಆ ತೈಸ್ತೊ ಮನೆ ಹಂಚು ಒಡೆಸಿಬಿಡ್ತಾರೆ. ಪಾಪ, ಅಲ್ಲಿ ಹಿಮ ಬೀಳುತ್ತಂತೆ."