ನೀರಿನ ಟ್ಯಾಂಕಿನ ದಿಣ್ಣೆ ಮತ್ತು ನನ್ನ ಟರ್ಬೊ

ತೆಂಗಿನಕಾಯಿ ತುಂಬಿದ ಲಗೇಜ್ ಆಟೊ ನನ್ನ ಕಾರನ್ನು ಹಿಂದೆ ಹಾಕಿದಾಗ ನಾನು ಬೇಸರ ಪಟ್ಟುಕೊಳ್ಳಲಿಲ್ಲ. ಪಾಪ, ಅವನಿಗೆ ಅವಸರವಿರಬಹುದು. ಎರಡು ಹಾಲಿನ ಕ್ಯಾನು ನೇತುಹಾಕಿಕೊಂಡ ಮೊಪೆಡ್ಡು ಹಿಂದೆ ಹಾಕಿದಾಗಲೂ ಸುಮ್ಮನಿದ್ದೆ. ಹಾಲು ಒಡೆಯುವ ಪದಾರ್ಥ. ಆದರೆ ಹೊಸದುರ್ಗದ ನಮ್ಮ ಬಡಾವಣೆಯ ನೀರಿನ ಟ್ಯಾಂಕಿನ ದಿಣ್ಣೆಯ ಮೇಲೆ, ಕೋಲೂರಿಕೊಂಡು ನಡೆದು ಬರುತ್ತಿದ್ದ ಎಪ್ಪತ್ತೈದರ ಜುಂಜಪ್ಪಜ್ಜ ನನ್ನ ಕಿಟಕಿಯ ಸಮಕ್ಕೆ ಬಂದು, ಬಗ್ಗಿ, "ಯಾಕ್ ಮೇಷ್ಟ್ರೇ, ಗಾಡಿ ಕೆಟ್ಟು ನಿಂತೈತಾ?" ಎಂದಾಗ ಸುಮ್ಮನಿರಲು ಆಗಲಿಲ್ಲ.

"ಇಲ್ಲಜ್ಜ, ಓಡಿಸ್ತಾ ಇದೀನಿ."

ಅಜ್ಜ ಚಕ್ರ ನೋಡಿದ. ನನ್ನ ಮುಖ ನೋಡಿದ. "ಹಂಗಾರೆ ನಿಧಾನಕ್ಕೆ ಬರ್ರಿ, ನಾನು ಮುಂದೆ ಹೋಗಿರ್ತೀನಿ" ಎಂದು ಹೋಗಿಯೇಬಿಟ್ಟ.

ಪಕ್ಕದಲ್ಲಿ ಕುಳಿತಿದ್ದ ಶಿವಗಂಗಾ (ಇಪ್ಪತ್ತಾರು ವರ್ಷಗಳಿಂದ ನನ್ನ ಧರ್ಮಪತ್ನಿ, ಅಷ್ಟೇ ಕಾಲದಿಂದ ನನ್ನ ವಿರೋಧ ಪಕ್ಷದ ನಾಯಕಿ) ಮನೆ ಮುಟ್ಟಿದ ಮೇಲೆ ಒಂದೇ ಮಾತಾಡಿದಳು.

"ನಾಗರಾಜಂಗೆ ಫೋನ್ ಮಾಡ್ತೀನಿ. ಭಾನುವಾರ ಬಂದು ತಗಂಡೋಗ್ಲಿ."

ನಾಗರಾಜ ಎಂದರೆ ಅವಳ ತಮ್ಮ, ಹಿರಿಯೂರಿನಲ್ಲಿ ತೆಂಗಿನಕಾಯಿ ವ್ಯಾಪಾರ. ನನ್ನ ಕಾರಿನ ಮೇಲೆ ಅವನಿಗೆ ಒಂದು ವರ್ಷದಿಂದ ಕಣ್ಣು. ಒಳ್ಳೆಯ ಬೆಲೆಗೇ ಕೇಳಿದ್ದ. ನಾನು ಒಪ್ಪಿರಲಿಲ್ಲ. ಹೇಗೆ ಒಪ್ಪಲಿ? ಅದು ಸಾಮಾನ್ಯ ಕಾರಲ್ಲ, ಟರ್ಬೊ ಕಾರು! ಇಂಜಿನ್ನಿನ ಪಕ್ಕದಲ್ಲಿ ಬಸವನಹುಳುವಿನ ಆಕಾರದ ಒಂದು ಯಂತ್ರ ಕುಳಿತು ಒಳಕ್ಕೆ ಗಾಳಿ ಊದುತ್ತದೆ, ಗಾಡಿ ಕುದುರೆಯಂತೆ ಹಾರುತ್ತದೆ. ಸೆಕೆಂಡ್‌ಹ್ಯಾಂಡ್ ಆದರೂ ಕೊಂಡ ದಿನದಿಂದ ನಮ್ಮ ಪಿಯು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇದನ್ನು ಎಷ್ಟು ಸಲ ವಿವರಿಸಿದ್ದೆನೆಂದರೆ, ಇತಿಹಾಸದ ಉಪನ್ಯಾಸಕನಾದ ನನ್ನನ್ನು ಸಹೋದ್ಯೋಗಿಗಳು ಬೆನ್ನ ಹಿಂದೆ 'ಟರ್ಬೊ' ಎಂದೇ ಕರೆಯುತ್ತಿದ್ದರು. ಕಾರು ಹೋದರೆ ಆ ಬಿರುದನ್ನು ಹೊತ್ತು ಬಸ್ಸಿನಲ್ಲಿ ಓಡಾಡುವುದು ಹೇಗೆ?

ಮೆಕ್ಯಾನಿಕ್ ಕಿರಣ್‌ಕುಮಾರ್ ಬಾನೆಟ್ ತೆಗೆದು, "ಟರ್ಬೊ ಹೋಗೈತೆ ಸಾರ್. ಚಿತ್ರದುರ್ಗಕ್ಕೆ ಒಯ್ದು ಹೊಸದು ಹಾಕಿಸ್ರಿ" ಎಂದು ಒಂದು ಮೊತ್ತ ಹೇಳಿದ. ಆ ಮೊತ್ತವನ್ನು ನಾನು ಈವರೆಗೆ ಶಿವಗಂಗಾಳಿಗೆ ಹೇಳಿಲ್ಲ. ನೀವೂ ಹೇಳಬೇಡಿ.

"ನಾನೇ ರಿಪೇರಿ ಮಾಡ್ತೀನಿ," ಎಂದು ಮನೆಯಲ್ಲಿ ಘೋಷಿಸಿದೆ. "ಭಾನುವಾರದೊಳಗೆ ಗಾಡಿ ಆ ದಿಣ್ಣೆ ಏರಿದ್ರೆ?"

"ಏರಿದ್ರೆ ಇಟ್ಕಳ್ರಿ. ನಾನ್ಯಾಕೆ ಬ್ಯಾಡ ಅನ್ಲಿ? ಏರ್ಲಿಲ್ಲ ಅಂದ್ರೆ ನಾಗರಾಜಂಗೆ. ಆಮೇಲೆ ಮಾತು ಮರೀಬಾರ್ದು." ಒಂದು ಕ್ಷಣ ಬಿಟ್ಟು ಸೇರಿಸಿದಳು: "ಸುಯ್ ಅಂತೈತಲ್ರಿ ಅದು, ಗ್ಯಾಸ್ಕೆಟ್ ಹೋದ ಕುಕ್ಕರ್‌ನಂಗೆ. ಎಲ್ಲೋ ಗಾಳಿ ಸೋರ್ತೈತೆ."

ಟರ್ಬೊ ಎಲ್ಲಿ, ಕುಕ್ಕರ್ ಎಲ್ಲಿ! ನಾನು ಕನಿಕರದಿಂದ ನಕ್ಕೆ.

ಮೂರು ದಿನ ಮೊಬೈಲಿನಲ್ಲಿ ವಿಡಿಯೊ ನೋಡಿ ವ್ಯಾಸಂಗ ಮಾಡಿದೆ. 'ಖರ್ಚಿಲ್ಲದೆ ನಿಮ್ಮ ಟರ್ಬೊ ಕಾರಿನ ಶಕ್ತಿ ಹೆಚ್ಚಿಸಿ' ಎಂಬ ಒಂದರಲ್ಲಿ ಗಡ್ಡದವನೊಬ್ಬ ಹಿಂದಿಯಲ್ಲಿ ಐದು ಉಪಾಯ ಹೇಳಿದ. ಮೊದಲನೆಯದು, ಗಾಡಿಯ ಅನಗತ್ಯ ಭಾರ ಇಳಿಸುವುದು. ನಾನು ಅರಿಯದೆ ಶಿವಗಂಗಾಳ ಕಡೆ ನೋಡಿದೆ. (ಅದು ತಪ್ಪು. ಅವತ್ತು ರಾತ್ರಿ ನನಗೆ ಚಿತ್ರಾನ್ನವೂ ಇಲ್ಲ, ಮಾತೂ ಇಲ್ಲ.) ಡಿಕ್ಕಿಯಲ್ಲಿದ್ದ ಎರಡು ಮೂಟೆ ತೆಂಗಿನಕಾಯಿ, ಸ್ಟೆಪ್ನಿ, ಕಾಲೇಜಿನ ಹಳೆಯ ಉತ್ತರ ಪತ್ರಿಕೆಗಳ ಕಟ್ಟು ಇಳಿಸಿದೆ. ಗಾಡಿ ಹಗುರಾಯಿತು. ದಿಣ್ಣೆ ಏರಲಿಲ್ಲ.

ಶನಿವಾರ ಮಧ್ಯಾಹ್ನ ಹಳೆಯ ಲುಂಗಿ ಸುತ್ತಿಕೊಂಡು ರಣರಂಗಕ್ಕಿಳಿದೆ. ಗಾಳಿಯ ಫಿಲ್ಟರ್ ಹೊರತೆಗೆದು, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಬಿಸಿಲಿಗೆ ಇಟ್ಟೆ. ಅದರಿಂದ ಬಿದ್ದ ಧೂಳಿನಲ್ಲಿ ಒಂದು ಪಾತಿ ಸೊಪ್ಪು ಬೆಳೆಯಬಹುದಿತ್ತು. ಅಷ್ಟರಲ್ಲಿ ಗಡ್ಡದವನ ಎಚ್ಚರಿಕೆ ನೆನಪಾಯಿತು: ಗಾಳಿಯ ಕೊಳವೆಯ ಬಾಯಿ ತೆರೆದು ಬಿಡಬಾರದು, ಇಲಿ, ಹಲ್ಲಿ ಹೋದೀತು, ಬಟ್ಟೆ ತುರುಕಿ. ಒಳಗೆ ಹೋಗಿ ಬಟ್ಟೆ ಹುಡುಕಿದೆ. ಬೀರುವಿನ ಕೆಳಗಿನ ಅರೆಯಲ್ಲಿ ರವಿಕೆ ಕಣಗಳ ದೊಡ್ಡ ರಾಶಿಯೇ ಇತ್ತು.

ಈ ಕಣಗಳ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಕ್ಕಳಿಗೆ ಅಕ್ಕಿ, ಕಾಯಿ, ಎಲೆಯಡಿಕೆ, ರವಿಕೆ ಕಣ ಇಟ್ಟು ಉಡಿ ತುಂಬಿ ಕಳಿಸುತ್ತಾರೆ. ಆ ಕಣವನ್ನು ಯಾರೂ ಹೊಲಿಸುವುದಿಲ್ಲ. ಈ ಮನೆಯಿಂದ ಬಂದದ್ದು ಆ ಮನೆಗೆ, ಆ ಮನೆಯದು ಹೊಳಲ್ಕೆರೆಗೆ, ಅಲ್ಲಿಂದ ಬಿ.ದುರ್ಗಕ್ಕೆ ಸಂಚಾರ ಮಾಡುತ್ತಲೇ ಇರುತ್ತದೆ. ನನ್ನ ಮದುವೆಯ ವರ್ಷದ ಕಣವೊಂದು ಈಗಲೂ ಜಿಲ್ಲೆಯಲ್ಲಿ ಎಲ್ಲೋ ಸುತ್ತುತ್ತಿದೆ ಎಂದು ನನ್ನ ನಂಬಿಕೆ. ಹೇಗೂ ಯಾರೂ ತೊಡದ ಬಟ್ಟೆ. ಮೇಲಿನದನ್ನೇ ಎಳೆದುಕೊಂಡು (ಗಿಳಿಹಸಿರು, ಜರಿಯ ಅಂಚು, ಅಂಚಿನಲ್ಲಿ ನವಿಲು) ಹೋಗಿ ಕೊಳವೆಯ ಬಾಯಿಗೆ ತುರುಕಿದೆ.

ಆಮೇಲೆ ಬಾನೆಟ್ಟಿನೊಳಗೆ ತಲೆ ಹಾಕಿ ನೋಡುತ್ತೇನೆ, ಟರ್ಬೊದಿಂದ ಬರುವ ರಬ್ಬರ್ ಪೈಪು ಉದ್ದಕ್ಕೂ ಬಿರಿದಿದೆ! ಗಾಳಿ ಸೋರುತ್ತಿತ್ತು. ಥೇಟ್ ಕುಕ್ಕರ್. (ಇದನ್ನು ನಾನು ಜೋರಾಗಿ ಹೇಳಲಿಲ್ಲ.) ನಮ್ಮ ತಾಲ್ಲೂಕಿನಲ್ಲಿ ಪಂಪ್‌ಸೆಟ್ಟಿನ ಪೈಪು ಒಡೆದರೆ ಯಾರೂ ಹೊಸ ಪೈಪು ತರುವುದಿಲ್ಲ. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಎಳೆದು ಬಿಗಿದು ಸುತ್ತುತ್ತಾರೆ. ನಾನೂ ಹಾಗೇ ಸುತ್ತಿದೆ. ಎರಡೂ ತುದಿಗೆ ಪಂಪ್‌ಸೆಟ್ಟಿನ ಕ್ಲ್ಯಾಂಪು ಬಿಗಿದೆ. ಫಿಲ್ಟರ್ ಸ್ವಸ್ಥಾನಕ್ಕೆ ಸೇರಿಸಿದೆ. ಕೈ ತೊಳೆದು, ಹಣೆಗೆ ವಿಭೂತಿ ಇಟ್ಟು, ಕೀಲಿ ತಿರುಗಿಸಿದೆ.

ಕಾರು ಕೆಮ್ಮಿತು. ಕಪ್ಪು ಹೊಗೆ ಬಿಟ್ಟಿತು. ಗೇಟಿನ ಮುಂದಿನ ಅರ್ಧ ಅಡಿ ಏರನ್ನು ಕೂಡ ಹತ್ತದೆ ಹಿಂದಕ್ಕೆ ಜಾರಿ ತುಳಸಿಕಟ್ಟೆಗೆ ಒರಗಿತು.

"ಇಂಪ್ರೂ ಆಗೈತೆ," ಎಂದಳು ಶಿವಗಂಗಾ ಬಾಗಿಲಲ್ಲಿ ನಿಂತು. "ಮೊದ್ಲು ದಿಣ್ಣೆ ತಂಕನಾದ್ರೂ ಹೋಗ್ತಿತ್ತು."

ಭಾನುವಾರ ಹತ್ತು ಗಂಟೆಗೆ ನಾಗರಾಜ, ಅವನ ಹೆಂಡತಿ ಸುಚಿತ್ರಾ ಬಸ್ಸಿನಲ್ಲಿ ಬಂದಿಳಿದರು. ವಾಪಸ್ ಕಾರಿನಲ್ಲಿ ಹೋಗುವವರಲ್ಲವೇ! ಉಪ್ಪಿಟ್ಟು ತಿಂದು ನಾಗರಾಜ ಬಾನೆಟ್ ತೆಗೆದ. ಲಾರಿ, ಟೆಂಪೊ ಒಡನಾಟದ ಮನುಷ್ಯ. ಟ್ಯೂಬಿನ ಪಟ್ಟಿ ಮುಟ್ಟಿ ನೋಡಿ, "ಯಾರು ಭಾವ ಸುತ್ತಿದ್ದು? ಬಾಳ ಚೆನ್ನಾಗ್ ಸುತ್ಯಾರೆ" ಎಂದ. ನಾನು ಎರಡು ಇಂಚು ಎತ್ತರವಾದೆ.

"ಮತ್ಯಾಕೆ ಉಸಿರು ಕಟ್ತೈತೆ ಇದಕ್ಕೆ?" ಎಂದು ಅವನು ಫಿಲ್ಟರಿನ ಆಚೆಯ ಕೊಳವೆಗೆ ಎರಡು ಬೆರಳು ಹಾಕಿದ. ಆಗ ನೆನಪಾಯಿತು ನನಗೆ. ಅವನು ಎಳೆಯುತ್ತಾ ಹೋದ. ಗಿಳಿಹಸಿರು ಬಂತು. ಜರಿ ಬಂತು. ಕೊನೆಗೆ, ಮಸಿ ಮೆತ್ತಿಕೊಂಡ ಒಂದು ನವಿಲು ಬಂತು.

"ಅಯ್ಯೋ ಶಿವನೇ!" ಸುಚಿತ್ರಾ ಎದೆ ಮುಟ್ಟಿಕೊಂಡಳು. "ಇದು ನಾನು ಅತ್ತಿಗೆಗೆ ಉಡಿ ತುಂಬಿದ್ದ ಕಣ!"

ಶಿವಗಂಗಾಳ ಮುಖ ಸುಣ್ಣವಾಯಿತು.

"ಹೊಲಿಸ್ಕಂಡೆ, ಅಳತೆ ಬಾಳ ಚೆನ್ನಾಗ್ ಕುಂತೈತೆ ಅಂದಿದ್ರಲ್ಲ ಅತ್ತಿಗೆ ಫೋನಲ್ಲಿ?" ಎಂದಳು ಸುಚಿತ್ರಾ. "ಯಾರಿಗೆ ಕುಂತಿದ್ದು? ಈ ಗಾಡಿಗಾ?"

"ಇಲ್ಲ ಕಣಮ್ಮ, ಅದು… ನಿಮ್ಮಣ್ಣಾರು…" ಶಿವಗಂಗಾ ನನ್ನ ಕಡೆ ಕೈ ತೋರಿಸಿದಳು.

"ಬ್ಯಾಡ ಬಿಡ್ರಿ ಅತ್ತಿಗೆ. ಏನ್ರಿ, ನಡೀರಿ, ಬಸ್ಸಿಗೆ ಹೋಗಾಣ."

ಸಂದಿಗ್ಧ ಪರಿಸ್ಥಿತಿಯನ್ನು ತಿಳಿಗೊಳಿಸಬೇಕೆಂಬ ಸದುದ್ದೇಶದಿಂದ ನಾನು, "ಮೊದಲು ಒಂದು ಟ್ರಯಲ್ ನೋಡೋಣ" ಎಂದೆ. ಆ ಹೊತ್ತಿನಲ್ಲಿ ಹಾಗೆ ಹೇಳಲು ಒಬ್ಬ ಗಂಡಸಿಗೆ ಮಾತ್ರ ಸಾಧ್ಯ. ನಾಗರಾಜನೂ ಗಂಡಸೇ. ಇಬ್ಬರೂ ಕಾರು ಹತ್ತಿದೆವು.

ಏನೆಂದು ವರ್ಣಿಸಲಿ! ಕೊಳವೆ ತೆರೆದ ಗಾಡಿ ಒಮ್ಮೆ ಉಸಿರೆಳೆದುಕೊಂಡು ದಿಣ್ಣೆಯ ಮೇಲೆ ಹಾರಿತು. ತೆಂಗಿನಕಾಯಿ ಆಟೊ ಹಿಂದಾಯಿತು, ಮೊಪೆಡ್ಡು ಹಿಂದಾಯಿತು. ಜುಂಜಪ್ಪಜ್ಜ ಕೋಲು ಸಮೇತ ಪಕ್ಕಕ್ಕೆ ನೆಗೆದು, "ಓಡ್ತೈತಲ್ಲೋ!" ಎಂದು ಕೂಗಿದ್ದು ಕಿಟಕಿಯಲ್ಲಿ ತೇಲಿ ಬಂತು. ಸೈಕಲ್ ಟ್ಯೂಬು, ಎರಡು ಕ್ಲ್ಯಾಂಪು, ಅಷ್ಟೇ! ದಿಣ್ಣೆ ಏರಿತ್ತು. ಮಾತಿನ ಪ್ರಕಾರ ಕಾರು ನನ್ನದು.

ಗೆದ್ದು ಮನೆಗೆ ಬಂದಾಗ ಸುಚಿತ್ರಾ ಚಾಪೆಯ ಮೇಲೆ ಮುಖ ತಿರುಗಿಸಿ ಕುಳಿತಿದ್ದಳು. ಶಿವಗಂಗಾ ಉಡಿ ತುಂಬಲು ಅಣಿಯಾಗಿದ್ದಳು. ಮೊರದಲ್ಲಿ ಅಕ್ಕಿ, ಕಾಯಿ, ಎಲೆಯಡಿಕೆ, ಎಲ್ಲ ಇತ್ತು. ಕಣ ಮಾತ್ರ ಇರಲಿಲ್ಲ. ಇನ್ನು ಯಾವ ಮುಖ ಹೊತ್ತು ಆ ರಾಶಿಯಿಂದ ಒಂದು ಕಣ ತೆಗೆದಾಳು?

"ದಿಣ್ಣೆ ಏರಿತು ಕಣೆ!" ಎಂದೆ, ಕೀಲಿಯನ್ನು ಬೆರಳಲ್ಲಿ ಗಿರಗಿರನೆ ತಿರುಗಿಸುತ್ತಾ.

"ಹೌದಾ? ಕೊಡ್ರಿ ಇಲ್ಲಿ."

ಕೊಟ್ಟೆ. ದೇವರ ಮುಂದೆ ಇಡುತ್ತಾಳೆಂದುಕೊಂಡೆ. ಅವಳು ಅದಕ್ಕೆ ಕುಂಕುಮ ಹಚ್ಚಿ, ಅಕ್ಕಿ, ಕಾಯಿ, ಎಲೆಯಡಿಕೆಯ ಮೇಲೆ ಇಟ್ಟು, ಸುಚಿತ್ರಾಳ ಸೆರಗಿಗೆ ಸುರಿದೇಬಿಟ್ಟಳು.

"ತಗಳಮ್ಮ. ಇದು ಉಡೀಲಿ ಯಾರ ಮನೆಯಿಂದ್ಲೂ ಬಂದಿದ್ದಲ್ಲ."

ನಾಗರಾಜ ಪ್ರಾಮಾಣಿಕ ಮನುಷ್ಯ, ಜೇಬಿಗೆ ಕೈ ಹಾಕಿದ. "ಅಕ್ಕಾ, ಅವತ್ತು ಮಾತಾಡಿದ್ದ ರೇಟು…"

"ಲೇ, ಉಡಿಗೆ ಹಾಕಿದ್ದಕ್ಕೆ ಯಾರಾದ್ರೂ ರೇಟು ಕೊಡ್ತಾರೇನೋ? ಕುಂತ್ಕಳ್ರಿ ಎಲ್ರೂ, ಹೋಳಿಗೆ ಬಡಿಸ್ತೀನಿ."

ಸುಚಿತ್ರಾಳ ಮುಖ ಅರಳಿತು. ಹೋಳಿಗೆ ಉಂಡು, "ಬರ್ತೀವಿ ಅಣ್ಣಾರೆ" ಎಂದು ನನ್ನ ಕಾಲಿಗೆ ನಮಸ್ಕಾರ ಮಾಡಿ ಮುಂದಿನ ಸೀಟಿನಲ್ಲಿ ಕುಳಿತಳು. ನಾನು ಸುತ್ತಿದ ಟ್ಯೂಬು, ನಾನು ಬಿಗಿದ ಕ್ಲ್ಯಾಂಪು, ನಾನು ಊದಿದ ಫಿಲ್ಟರ್ ಒಂದಿಷ್ಟೂ ಹೊಗೆ ಬಿಡದೆ ದಿಣ್ಣೆ ಏರಿ, ನೀರಿನ ಟ್ಯಾಂಕಿನ ಆಚೆ ಮರೆಯಾದವು.

ಗೇಟಿನಲ್ಲಿ ನಿಂತೇ ಇದ್ದೆ. ನನ್ನ ಕೈಗೆ ಏನೋ ಮೆತ್ತಗೆ ತಾಗಿತು. ನೋಡಿದರೆ ಅದೇ ಗಿಳಿಹಸಿರು ಕಣ.

"ಸೋಪಿನ ಪುಡೀಲಿ ನೆನೆಸಿ, ಚೆನ್ನಾಗಿ ಒಗ್ದು, ಇಸ್ತ್ರಿ ಮಾಡಿಡ್ರಿ," ಎಂದಳು ಶಿವಗಂಗಾ. "ಮುಂದಿನ ವಾರ ನಿಮ್ಮ ತಂಗಿ ಅನುಸೂಯ ಬರ್ತಾಳೆ."