ಪಟಪಟಿ ಗಾಡಿಗೆ ರಿವರ್ಸ್ ಗೇರು

ಸಣ್ಣಸ್ವಾಮಿಯ ಗ್ರಹಚಾರವೆಲ್ಲ ಶುರುವಾದದ್ದು ಮೋಟಾರ್ ಸೈಕಲ್ಲು ಹಿಂದಕ್ಕೆ ಹೋಗುವುದಿಲ್ಲ ಎಂಬ ಒಂದೇ ಕಾರಣದಿಂದ.

ಎರಡು ಗಾಲಿಯ ಮೇಲಿದ್ದಾಗ ಅದೇನು ದೊಡ್ಡ ಕೊರತೆಯಲ್ಲ, ಕಾಲೂರಿ ತಳ್ಳಿಕೊಂಡರಾಯಿತು. ಆದರೆ ಚೆಟ್ಟಳ್ಳಿ ಬದಿಯ ತೋಟದ ಸಾವ್ಕಾರ್ ಮೊಣ್ಣಪ್ಪನವರು ಮಿಲಿಟರಿ ಹರಾಜಿನ ಹಳೇ ಮೋಟಾರ್ ಸೈಕಲ್ಲಿನ ಎಂಜಿನ್ನನ್ನು ಕಬ್ಬಿಣದ ಚೌಕಟ್ಟಿಗೆ ಕೂರಿಸಿ, ನಾಲ್ಕು ಗಾಲಿ ಹಾಕಿಸಿ, ಕಾಫಿ ಹಣ್ಣಿನ ಮೂಟೆ ಸಾಗಿಸುವ ಗಾಡಿ ಮಾಡಿಸಿದ್ದರು. ಜೀಪು ಇಳಿಯದ ಕೊರಕಲಿಗೂ ಅದು ಇಳಿಯುತ್ತಿತ್ತು. ಇಳಿದ ಮೇಲೆ ತಿರುಗಿಸಲು ಜಾಗವಿಲ್ಲ, ರಿವರ್ಸ್ ಗೇರೂ ಇಲ್ಲ. ಇದಕ್ಕೆ ಸಾವ್ಕಾರ್ರು ಕಂಡುಕೊಂಡ ದಾರಿ ಬಹಳ ಸುಲಭದ್ದು. ದಿನವಿಡೀ ಹಣ್ಣು ಕೊಯ್ದ ಹೆಂಗಸರಲ್ಲಿ ಆರು ಮಂದಿ ಹಿಂದಿನಿಂದ ಹಗ್ಗ ಕಟ್ಟಿ ಗಾಡಿಯನ್ನು ರಸ್ತೆಯವರೆಗೆ ಎಳೆಯುವುದು. ಪೆಟ್ರೋಲ್ ಕುಡಿಯದ, ಎಣ್ಣೆ ಕೇಳದ, ಕೆಟ್ಟರೆ ರಿಪೇರಿಯೂ ಬೇಡದ ರಿವರ್ಸ್ ಗೇರು.

ಆ ಆರರಲ್ಲಿ ಒಬ್ಬಳು ಸಣ್ಣಸ್ವಾಮಿಯ ಹೆಂಡತಿ ಜವರಿ. ಈಗ ತುಂಬು ಬಸುರಿ.

"ಅವಳನ್ನ ಹಗ್ಗದಿಂದ ಬಿಡಿಸ್ಬುಡಿ ರೈಟ್ರೇ," ಎಂದು ಗಾಡಿ ಓಡಿಸುವ ಸಣ್ಣಸ್ವಾಮಿ ತೋಟದ ಲೆಕ್ಕ ಬರೆಯುವ ರೈಟರ್ ಧರ್ಮಪಾಲನ ಮುಂದೆ ಕೈ ಮುಗಿದಿದ್ದ.

"ಹಗ್ಗ ಬಿಟ್ಟೋರಿಗೆ ಹಣ್ಣು ಪಿಕಿಂಗೂ ಇಲ್ಲ, ಕೂಲಿ ಲೈನಲ್ಲಿ ಮನೆಯೂ ಇಲ್ಲ. ಅದು ನಾನು ಮಾಡಿದ ಕಾನೂನಾ ಮಾರಾಯ? ನಾನು ಹೇಳುವವ ಅಷ್ಟೆ."

ಹೆಂಡತಿಯನ್ನು ಬಿಡಿಸಲಾಗದಿದ್ದರೆ ಗಾಡಿಗೇ ರಿವರ್ಸ್ ಹಾಕುವುದೆಂದು ಸಣ್ಣಸ್ವಾಮಿ ನಿಶ್ಚಯಿಸಿದ. ಸಾವ್ಕಾರ್ರ ತಂದೆಯ ಸತ್ತ ಕಾರೊಂದು ಕೊಟ್ಟಿಗೆಯಲ್ಲಿತ್ತು, ಅದರ ಹಿಂದಿನ ಸೀಟಿನಲ್ಲಿ ಕೋಳಿಗಳು ಕಾವು ಕೂರುತ್ತಿದ್ದವು. ಅದರ ಗೇರ್ ಪೆಟ್ಟಿಗೆಯನ್ನು ಬೇಡಿ ತಂದು, ಗಾಡಿಯ ಗಾಲಿ ತಿರುಗಿಸುವ ಶಾಫ್ಟನ್ನು ಕತ್ತರಿಸಿ, ಎಂಜಿನ್ನಿಗೂ ಹಿಂದಿನ ಗಾಲಿಗಳಿಗೂ ನಡುವೆ ಕೂರಿಸಿದ. ಮುಂದಕ್ಕೆ ಹೋಗುವ ಗೇರುಗಳ ಹಲ್ಲು ಮುದುಕರ ಹಲ್ಲಿನಂತೆ ಸವೆದಿದ್ದವು. ರಿವರ್ಸ್ ಮಾತ್ರ ಫಳಫಳ ಹೊಸದು. ದೊಡ್ಡ ಸಾವ್ಕಾರ್ರ ಕಾರು ಬಂದರೆ ಎದುರಿನವರೇ ಹಿಂದೆ ಸರಿಯಬೇಕಿತ್ತಲ್ಲ, ಅವರಿಗೆ ಆ ಗೇರಿನ ಕೆಲಸವೇ ಬಿದ್ದಿರಲಿಲ್ಲ.

ಹೊಸ ಗೇರಿನ ಗಾಡಿಗೆ ಪೂಜೆ ಮಾಡುವ ದಿನ ಬೆಳಿಗ್ಗೆ ಇಡೀ ಲೈನು ಗಾಡಿಯ ಸುತ್ತ ನೆರೆಯಿತು. ಸಾವ್ಕಾರ್ರು ಮಡಿಕೇರಿಯಿಂದ ಸ್ನೇಹಿತರನ್ನೂ ಕರೆಸಿದ್ದರು. ಸಣ್ಣಸ್ವಾಮಿಯ ಪಕ್ಕದ ಮನೆಯ ಕಾಮಾಕ್ಷಮ್ಮ ತಂದ ಚೆಂಡುಹೂವಿನ ಹಾರ ಎಂಜಿನ್ನಿನ ಗಾಳಿ ತೂತನ್ನೇ ಮುಚ್ಚಿತು. ಗಾಡಿ ಕೆಮ್ಮಿತು. ಹಾರ ತೆಗೆದದ್ದಕ್ಕೆ ಆಕೆ ಮುಖ ತಿರುಗಿಸಿದಳು.

"ಮೊದ್ಲು ಹಿಂದಕ್ಕೆ ಓಡಿಸಿ ತೋರಿಸ್ತೀನಿ, ಸಾವ್ಕಾರ್ರೇ," ಎಂದ ಸಣ್ಣಸ್ವಾಮಿ.

"ಪೂಜೆ ಆದ ಗಾಡಿ ಮೊದಲ ಹೆಜ್ಜೆ ಹಿಂದಕ್ಕಿಡೋದಾ? ನಿಂಬೆಹಣ್ಣು ಮೆಟ್ಟಿ ಮುಂದೆ ಬರಲಿ," ಎಂದರು ಮೊಣ್ಣಪ್ಪನವರು.

ಧರ್ಮಪಾಲನಿಗೆ ನಿಂಬೆಹಣ್ಣು ಸಾಲದೆನಿಸಿತು. "ಇಷ್ಟು ದೊಡ್ಡವರ ಗಾಡಿಗೆ ಗೋಲಿಯಷ್ಟು ಹಣ್ಣಾ? ಮರ್ಯಾದೆ ಉಂಟಾ?" ಎಂದು ಬಂಗಲೆಯ ಹಿತ್ತಲಿಗೆ ಓಡಿ, ಮಗುವಿನ ತಲೆಯಷ್ಟಿದ್ದ ಚಕ್ಕೋತ ಹಣ್ಣುಗಳನ್ನು ತಂದು ಗಾಲಿಗೊಂದರಂತೆ ಇಟ್ಟ.

"ರೈಟ್ರೇ, ಇದನ್ನ ಹತ್ತಕ್ಕೆ ಆನೆನೇ ಬೇಕು."

"ನೀನು ಬಿಡು ಮಾರಾಯ, ದೇವರ ಕೆಲಸ."

ಸಣ್ಣಸ್ವಾಮಿ ಗಾಡಿ ಬಿಟ್ಟ. ಗಾಲಿ ಚಕ್ಕೋತವನ್ನು ಅರ್ಧ ಏರಿ ಜಾರಿತು. ಪೆಟ್ಟಿಗೆಯೊಳಗೆ ಒರಳಿಗೆ ಜಲ್ಲಿ ಹಾಕಿ ರುಬ್ಬಿದ ಸದ್ದು. ಗೇರು ಬದಲಾಯಿಸಿದ. ಮತ್ತೂ ರುಬ್ಬಿತು. "ರೇಸ್ ಕೊಡು, ಕೊಡು, ಇನ್ನೂ ಕೊಡು," ಎಂದು ಎಲ್ಲರೂ ಹುರಿದುಂಬಿಸುತ್ತಿರುವಾಗ ಮುಂದಿನ ಗೇರುಗಳ ಹಲ್ಲೆಲ್ಲ ಉದುರಿಹೋದವು. ಕಡೆಗೆ ಉಳಿದದ್ದು ರಿವರ್ಸ್. ಅದಕ್ಕೆ ಹಾಕಿದ್ದೇ ತಡ, ಗಾಡಿ ಹೋರಿಯಂತೆ ಹಿಂದಕ್ಕೆ ಚಿಮ್ಮಿ, ಕಣದಲ್ಲಿ ಒಣಗಲು ಹರಡಿದ್ದ ಕಾಫಿಯನ್ನು ಉತ್ತು, ಧರ್ಮಪಾಲನನ್ನು ಹಣ್ಣು ತೊಳೆಯುವ ತೊಟ್ಟಿಗೆ ಹಾರಿಸಿ ನಿಂತಿತು.

ಹೆಂಗಸರ ಗುಂಪಿನಲ್ಲಿದ್ದ ಜವರಿ ಮಾತ್ರ ನಕ್ಕಳು. ಗಾಡಿ ತಾನಾಗಿ ಹಿಂದಕ್ಕೆ ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

"ಮುಂದಕ್ಕೆ ತಾ," ಎಂದರು ಸಾವ್ಕಾರ್ರು. ಅವರ ಮುಖ ಕೊಯ್ಯಲು ತಡವಾದ ಕಾಫಿ ಹಣ್ಣಿನಂತೆ ಕಪ್ಪಿಟ್ಟಿತ್ತು.

"ಬರಕ್ಕಿಲ್ಲ ಸಾವ್ಕಾರ್ರೇ. ಇನ್ನು ಹಿಂದಕ್ಕೆ ಮಾತ್ರ."

"ಆ ಪೆಟ್ಟಿಗೆ ಕಿತ್ತು ಬಿಸಾಡು, ಮೊದಲಿನ ಹಾಗೆ ಮಾಡು."

"ಶಾಫ್ಟು ಕತ್ತರಿಸ್ಬುಟ್ಟಿದೀನಿ."

ಮಡಿಕೇರಿಯ ಸ್ನೇಹಿತರು ಕರವಸ್ತ್ರದೊಳಗೆ ನಗತೊಡಗಿದರು. ಮೊಣ್ಣಪ್ಪನವರು ಬಾಯಿ ತೆರೆಯುವಷ್ಟರಲ್ಲಿ ತೊಟ್ಟಿಯಿಂದ ಧರ್ಮಪಾಲನ ತಲೆ ಮೇಲೆದ್ದಿತು. ಕಿವಿಯಲ್ಲಿ ಕಾಫಿ ಸಿಪ್ಪೆ ಅಂಟಿಕೊಂಡಿತ್ತು.

"ಸಾವ್ಕಾರ್ರೇ, ಸೀಟನ್ನ ತಿರುಗಿಸಿ ಹಾಕಿದ್ರೆ ಹಿಂದೆ ಅನ್ನೋದೇ ಮುಂದೆ ಆಗ್ತದಲ್ಲ?"

ಸ್ನೇಹಿತರು ಚಪ್ಪಾಳೆ ತಟ್ಟಿದರು. ಸಾವ್ಕಾರ್ರ ಮುಖ ಅರಳಿತು. ಮಧ್ಯಾಹ್ನದೊಳಗೆ ಸೀಟೂ ಸ್ಟೇರಿಂಗೂ ತಿರುಗಿ ಕೂತವು. ಗಾಡಿ ಚಂದವಾಗಿ ಮುಂದಕ್ಕೆ ಹೋಯಿತು.

"ಆದ್ರೆ ರಿವರ್ಸು?" ಎಂದ ಸಣ್ಣಸ್ವಾಮಿ ಮೆಲ್ಲಗೆ.

"ಮುಂದೆ ಹೋಗ್ತಾ ಉಂಟಲ್ಲ. ಒಂದೇ ದಿನದಲ್ಲಿ ಎಷ್ಟು ಕೇಳ್ತೀ ನೀನು?" ಎಂದು ಸಾವ್ಕಾರ್ರು ಸ್ನೇಹಿತರ ಜೊತೆ ಊಟಕ್ಕೆ ನಡೆದರು.

ಸಂಜೆ ಗಾಡಿ ಕೊರಕಲಿಗಿಳಿಯಿತು, ಮೂಟೆ ತುಂಬಿತು. ಹಗ್ಗ ಕಟ್ಟಿದರು. ಆರು ಮಂದಿ ಎಳೆದರೂ ಅಲುಗಲಿಲ್ಲ. ಉಪಯೋಗಕ್ಕೆ ಬಾರದ ಗೇರುಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ಎರಕದ ಪೆಟ್ಟಿಗೆ ಕಲ್ಲುಗುಂಡಿನಂತೆ ಕೂತಿತ್ತು. ಧರ್ಮಪಾಲ ಕಾಮಾಕ್ಷಮ್ಮನನ್ನೂ ಇನ್ನೊಬ್ಬಳನ್ನೂ ಹಗ್ಗಕ್ಕೆ ಸೇರಿಸಿದ.

"ನಿನ್ನ ಗಂಡನ ಕೈ ಕಡಿದು ಹೋಗ," ಎಂದು ಕಾಮಾಕ್ಷಮ್ಮ ಜವರಿಗೆ ಶಪಿಸುತ್ತಲೇ ಸೆರಗು ಬಿಗಿದಳು.

ಸಣ್ಣಸ್ವಾಮಿ ಸೀಟಿನಿಂದ ಧುಮುಕಿ ಜವರಿಯ ಕೈಯಿಂದ ಹಗ್ಗ ಕಿತ್ತುಕೊಂಡ. "ನೀನು ಅತ್ಲಾಗಿ ಕೂರು. ನಾನು ಎಳಿತೀನಿ."

"ಏಯ್, ಸ್ಟೇರಿಂಗ್ ಹಿಡಿಯೋದು ಯಾರು, ನಿನ್ನಪ್ಪನಾ?" ಎಂದ ಧರ್ಮಪಾಲ.

ಜವರಿ ಹಗ್ಗವನ್ನು ವಾಪಸು ತೆಗೆದುಕೊಂಡು ಹೊಟ್ಟೆಯ ಮೇಲಿಂದ ಪಕ್ಕಕ್ಕೆ ಸರಿಸಿ ಹೆಗಲಿಗೆ ಹಾಕಿಕೊಂಡಳು. "ಹೋಗಿ ಕೂತ್ಕೋ. ಹಿಡಿಯೋರಿಲ್ದೆ ಅದು ಹಳ್ಳಕ್ಕೆ ಜಾರಿದ್ರೆ ನಮ್ಮನ್ನೂ ಎಳ್ಕೊಂಡು ಹೋಯ್ತದೆ."

ಅವನು ಹತ್ತಿ, ಕೊರಕಲಿನ ಕಡೆ ಮುಖ ಮಾಡಿ ಕೂತ. ಹಗ್ಗ ಬಿಗಿಯಿತು. ಬೆನ್ನ ಹಿಂದಿನಿಂದ ಜವರಿಯ ಏದುಸಿರು ಮೂಟೆಗಳನ್ನೂ ಪೆಟ್ಟಿಗೆಯನ್ನೂ ಅವನನ್ನೂ ಒಂದೊಂದೇ ಹೆಜ್ಜೆ ಮೇಲಕ್ಕೆ ಒಯ್ಯತೊಡಗಿತು.