ಮಧ್ಯಸ್ಥಗಾರರ ಅಜ್ಜಿಯ ತವರು

ಸ್ನೇಹಾ ಒಂದನೇ ತರಗತಿಯಲ್ಲಿದ್ದಾಗ ಅವಳಪ್ಪ, ಗುತ್ತಿಗೆದಾರ ನಾಗಭೂಷಣ್ ಒಂದು ಮಾತು ಕೊಟ್ಟಿದ್ದ: ಕೇಸು ಮುಗಿದ ದಿನ ಕೋಣೆಯೊಳಗಿನ ಕಡತಗಳೆಲ್ಲ ಹೊರಗೆ, ಕೋಣೆ ಅವಳಿಗೆ; ಏನೇ ಆದರೂ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅಲ್ಲೇ ಕೂತು ಓದುತ್ತಾಳೆ. ಈಗ ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಹುಡುಗಿ ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುತ್ತ ತ್ರಿಕೋನಮಿತಿ ಓದುತ್ತಿದ್ದಳು. ಕಡತಗಳು ಅತ್ತೆಮನೆಗೆ ಬಂದ ಅಳಿಯನ ಹಾಗೆ ಮಂಚದ ತುಂಬ ಮಲಗಿದ್ದವು.

ಕೇಸು ನಂದಿಗುಡಿ ರಸ್ತೆಯ ಒಂದು ಬಸ್ ತಂಗುದಾಣದ್ದು. ಲೋಕೋಪಯೋಗಿ ಇಲಾಖೆ ಕೊಟ್ಟ ನಕ್ಷೆಯನ್ನು ಚಾಚೂ ತಪ್ಪದೆ ನಾಗಭೂಷಣ್ ಕಟ್ಟಿಸಿದ್ದ. ಮುಗಿದ ಮೇಲೆ ನೋಡಿದರೆ ಅದರ ಮುಖ ಭತ್ತದ ಗದ್ದೆಗೆ, ಬೆನ್ನು ರಸ್ತೆಗೆ. ಇಲಾಖೆ ಬಿಲ್ಲು ತಡೆಹಿಡಿಯಿತು. ತಪ್ಪು ಯಾರದೆಂದು ತೀರ್ಮಾನಿಸಲು ಒಪ್ಪಂದದ ಪ್ರಕಾರ ಅದೇ ಇಲಾಖೆಯ ಹಿರಿಯ ಎಂಜಿನಿಯರೇ ಮಧ್ಯಸ್ಥಗಾರ. ಹಾಲು ಕುಡಿದವರಾರೆಂದು ಬೆಕ್ಕನ್ನೇ ಕೇಳಿದ ಹಾಗಾಯಿತೆಂದು ನಾಗಭೂಷಣ್ ಹೈಕೋರ್ಟಿಗೆ ಹೋದ. ಚಪ್ಪಲಿ ಸವೆದ ಮೇಲೆ ಕೋರ್ಟು, ಎರಡೂ ಕಡೆಗೆ ನಂಟಿಲ್ಲದ ಸ್ವತಂತ್ರ ಮಧ್ಯಸ್ಥಗಾರರನ್ನು ನೇಮಿಸಿತು: ಕಲಬುರಗಿಯ ನಿವೃತ್ತ ನ್ಯಾಯಾಧೀಶ ವಾಮದೇವಪ್ಪ.

ಅಂದಿನಿಂದ ದಾವಣಗೆರೆಯಲ್ಲಿ ನಾಗಭೂಷಣನ ಓಣಿಗೆ ಕೈತುಂಬ ಕೆಲಸ. ಎದುರುಮನೆಯ ಕರಿಯಣ್ಣ ಕಲಬುರಗಿಯಲ್ಲಿ ತನ್ನ ಷಡ್ಡಕನಿದ್ದಾನೆ, ಒಂದು ಮಾತು ಹಾಕಿಸಲೇ ಎಂದ. "ಹಾಕಿಸಬ್ಯಾಡ್ರಿ ಮಾರಾಯ್ರೆ, ನಂಟು ಇಲ್ಲ ಅಂತಾನೇ ಅವರನ್ನ ಹಾಕ್ಯಾರೆ" ಎಂದು ನಾಗಭೂಷಣ್ ಕೈ ಮುಗಿದ.

ವಾಮದೇವಪ್ಪನವರು ಅಷ್ಟು ಕಟ್ಟುನಿಟ್ಟು. ಎರಡೂ ಕಡೆಯವರ ನೀರು ಕೂಡ ಮುಟ್ಟದೆ ರೊಟ್ಟಿಯ ಬುತ್ತಿ ತಾವೇ ತರುತ್ತಿದ್ದರು. ವಿಚಾರಣೆಯ ಕಡೆಯ ದಿನ ಬೆಳಿಗ್ಗೆ ತಂಗುದಾಣ ನೋಡಲು ಬಂದು ಅದರೊಳಗೆ ಇಪ್ಪತ್ತು ನಿಮಿಷ ಕೂತರು. ಬೆನ್ನ ಹಿಂದೆ ಎರಡು ಬಸ್ಸು ಹೋದವು, ಯಾವುದೂ ನಿಲ್ಲಲಿಲ್ಲ.

"ನಕ್ಷಾದಾಗ ಹೆಂಗ ಅದ, ಹಂಗೇ ಕಟ್ಟ್ಯಾರ" ಎಂದು ಎದ್ದರು. "ಮೂರಕ್ಕ ಹರಿಹರದ ಪ್ರವಾಸಿ ಮಂದಿರದಾಗ ತೀರ್ಪು ಓದ್ತೀನಿ."

ನಾಗಭೂಷಣನ ಕಣ್ಣ ಮುಂದೆ ಖಾಲಿ ಮಂಚ ಕುಣಿಯಿತು. ಆದರೆ ಅವನ ಜೊತೆ ತಾಯಿ ಬಸವಣ್ಣೆಮ್ಮನೂ ಇದ್ದಳು. ಹೆಂಗೂ ಕಾರು ಹೊರಟೈತೆ, ನಂದಿಗುಡಿಯ ಮಠಕ್ಕೆ ಕೈ ಮುಗಿದು ಬರುತ್ತೇನೆಂದು ಹತ್ತಿ ಕೂತವಳನ್ನು ಇಳಿಸುವ ಗಂಡಸು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಹರಿಹರದಲ್ಲಿ ಅವಳನ್ನು ಪ್ರವಾಸಿ ಮಂದಿರದ ಜಗಲಿಯ ತುದಿಗೆ ಕೂರಿಸಿ, ಯಾರ ಜೊತೆಗೂ ಮಾತು ಬೇಡವೆಂದು ಮೂರು ಸಲ ಹೇಳಿ, ತನ್ನ ವಕೀಲೆ ಮುಬಶ್ಶಿರಾಳೊಂದಿಗೆ ಕಾಗದ ಜೋಡಿಸಲು ಒಳಗೆ ಹೋದ.

ಹೊರಗೆ ಬರುವಷ್ಟರಲ್ಲಿ ವಾಮದೇವಪ್ಪ ಬುತ್ತಿ ಮುಗಿಸಿ ಕೈ ತೊಳೆಯುತ್ತಿದ್ದರು. ಇಲಾಖೆಯ ಎಂಜಿನಿಯರ್ ರುದ್ರಮುನಿ ಪಕ್ಕದಲ್ಲೇ ನಿಂತಿದ್ದ. ಬಸವಣ್ಣೆಮ್ಮ ಮಾತು ಶುರು ಮಾಡಿಯಾಗಿತ್ತು.

"ಕಲಬುರಗಿ ಅಂದ್ರೆ ಯಾರ ಪೈಕಿ ಆಗ್ಬೇಕ್ರಿ?"

"ಯವ್ವಾ" ಎಂದ ನಾಗಭೂಷಣ್, ಹಲ್ಲು ಕಚ್ಚಿ.

"ಸುಮ್ನಿರೋ. ಹೆಸರು ಕೇಳಿದ್ರೆ ಪಾಪ ಬರುತ್ತೇನು? ನಿಮ್ಮ ತಾಯಿ ತವರು ಯಾವ್ದ್ರಿ?"

ಕೇಸಿನ ಮಾತಲ್ಲವಲ್ಲ ಎಂದು ನ್ಯಾಯಾಧೀಶರು ನಕ್ಕರು. ತಾಯಿಯದೂ ಕಲಬುರಗಿಯೇ. ತಾಯಿಯ ತಾಯಿ ಮಾತ್ರ ಈ ಸೀಮೆಯವರಂತೆ, ಕೊಂಡಜ್ಜಿಯ ಕಣದಮನೆಯವರು ಅಂತಿದ್ದರು, ತಾವು ನೋಡಿದ್ದಿಲ್ಲ ಎಂದರು.

ಬಸವಣ್ಣೆಮ್ಮ ಬೆರಳು ಮಡಚತೊಡಗಿದಳು. ಕೊಂಡಜ್ಜಿಯಲ್ಲಿ ತಮ್ಮ ನಂಟರು ಯಾರಿದ್ದಾರೆಂದು ನೆನೆಯುತ್ತ ನಾಗಭೂಷಣ್ ಬೆವರಿದ. ನಾಲ್ಕನೇ ಬೆರಳಿಗೆ ಅವಳ ಕಣ್ಣರಳಿತು. ತೋರಿಸಿದ್ದು ಮಗನನ್ನಲ್ಲ, ಎಂಜಿನಿಯರನನ್ನು.

"ಕಣದಮನೆ ಅಂದ್ರೆ ನಮ್ಮ ರುದ್ರಮುನಿಯೋರ ಮನಿ ಅಲ್ಲೇನ್ರಿ? ಇವರಜ್ಜ, ನಿಮ್ಮಜ್ಜಿ ಒಡಹುಟ್ಟಿದೋರು. ನೀವಿಬ್ರೂ ಅಣ್ಣ-ತಮ್ಮ ಆಗ್ಬೇಕು."

ರುದ್ರಮುನಿಯ ಮುಖ ಸುಣ್ಣದ ಗೋಡೆಯಾಯಿತು. ಅಜ್ಜನ ತಂಗಿಯೊಬ್ಬಳನ್ನು ಕಲಬುರಗಿಗೆ ಕೊಟ್ಟಿದ್ದು ನಿಜವೆಂದು ತೊದಲಿದ. ವಾಮದೇವಪ್ಪ ಕೈ ಒರೆಸಿಕೊಂಡು ಒಳಗೆ ಹೋಗಿ ತೀರ್ಪಿನ ಲಕೋಟೆಯನ್ನು ಬದಿಗಿಟ್ಟರು. ನಂಟು ಗೊತ್ತಾದ ಮೇಲೆ ಮುಚ್ಚಿಡುವಂತಿಲ್ಲ. ಎರಡೂ ಕಡೆಯವರು ಆಕ್ಷೇಪವಿಲ್ಲವೆಂದು ಬರೆದುಕೊಟ್ಟರಷ್ಟೇ ಮುಂದಿನ ಮಾತು ಎಂದರು.

ನಾಗಭೂಷಣನಿಗೆ ಹೋದ ಜೀವ ಬಂತು. ನಂಟು ಎದುರಾಳಿಯದು, ಆಕ್ಷೇಪ ಹೇಳಬೇಕಾದವನು ತಾನು. ಆಕ್ಷೇಪವಿಲ್ಲವೆಂದು ಮುಬಶ್ಶಿರಾ ಪೂರ್ತಿ ಬರೆಯುವ ಮೊದಲೇ ಕೆಳಗೆ ಸಹಿ ಹಾಕಿದ.

ರುದ್ರಮುನಿ ಪೆನ್ನು ಮುಟ್ಟಲಿಲ್ಲ.

"ಸಂಬಂಧ ನಿಮ್ಮದು, ಆಕ್ಷೇಪಣೆನೂ ನಿಮ್ಮದೇನ್ರಿ?" ಎಂದಳು ಮುಬಶ್ಶಿರಾ.

"ಮೇಡಂ, ತೀರ್ಪು ಇವರ ಕಡಿ ಬರೋದು ಗ್ಯಾರಂಟಿ. ನಾಳೆ ಆಡಿಟ್‌ನೋರು ಏನಂತಾರೆ? ನಿಮ್ಮಣ್ಣನ್ನ ಕೂರಿಸಿ ಗುತ್ತಿಗೆದಾರನ್ನ ಗೆಲ್ಲಿಸಿದ್ರಿ ಅಂತಾರೆ. ರಿಟೈರ್‌ಮೆಂಟಿಗೆ ಎರಡು ವರ್ಷ ಐತೆ, ನನ್ನ ಬಿಟ್ಟುಬಿಡ್ರಿ."

ಆಕ್ಷೇಪಣೆ ದಾಖಲಾಯಿತು. ವಾಮದೇವಪ್ಪ ಹಿಂದೆ ಸರಿದರು. ಬೇರೊಬ್ಬ ಮಧ್ಯಸ್ಥಗಾರರಿಗಾಗಿ ಮತ್ತೆ ಹೈಕೋರ್ಟು, ಹೊಸ ಅರ್ಜಿ, ಎಲ್ಲ ಕಾಗದದ ಮೂರು ಮೂರು ಪ್ರತಿ. ಜಗಲಿಯಲ್ಲಿ ಬಸವಣ್ಣೆಮ್ಮ ಹೊಸ ಅಣ್ಣತಮ್ಮಂದಿರನ್ನು ಅಕ್ಕಪಕ್ಕ ನಿಲ್ಲಿಸಿ, ಮೂಗು ಇಬ್ಬರದೂ ಒಂದೇ ಎನ್ನುತ್ತಿದ್ದಳು.

ಸ್ನೇಹಾ ಎಸ್ಸೆಸ್ಸೆಲ್ಸಿಗೆ ಅಡುಗೆಮನೆಯಲ್ಲೇ ಓದಿದಳು. ನಾಗಭೂಷಣ್ ಕೊಟ್ಟ ಮಾತು ನಡೆಯಲಿಲ್ಲ.